ಬೆರಳಿಗೆ ತಗಲದ ಮಣಿ

ಯಲಹಂಕದಲ್ಲಿ ರೈಲು ತಡ. ನಾನು ಅನುಭಾವದ ಬಗ್ಗೆ ಭಾಷಣ ಮಾಡಲು ದೊಡ್ಡಬಳ್ಳಾಪುರಕ್ಕೆ ಹೊರಟವನು. ವೇದಾಂತಿ, ಬೌದ್ಧ, ಸೂಫಿ ಅಂತ ಹನ್ನೆರಡು ಪುಟ ಬರೆದಿದ್ದೆ, ಒಂದಕ್ಕೊಂದು ಕೂಡಿರಲಿಲ್ಲ.

ಸ್ಟೇಷನ್ ಹೊರಗೆ ಮಣಿ ಪೋಣಿಸುವ ಮುದುಕ ಸಾಬರೊಬ್ಬರು ಕೂತಿದ್ದರು. ದಾರ ಹರಿದುಹೋಗಿದ್ದ ತುಳಸಿ ಜಪಮಾಲೆಯನ್ನು, ಅಮ್ಮನದು ಅಂತ ಹೇಳಿ, ಪೋಣಿಸಲು ಕೊಟ್ಟೆ. ಅವರ ಹಿಂದಿನ ಮೊಳೆಗಳಿಗೆ ಮುಸ್ಲಿಮರ ತಸ್ಬಿ, ಚರ್ಚಿನವರ ಜಪಸರ, ಸ್ವೆಟರ್ ಮಾರುವ ಟಿಬೆಟಿನವರ ಮಾಲೆ ಒಟ್ಟಿಗೇ ತೂಗುತ್ತಿದ್ದವು.

ಪೋಣಿಸಿದ ಮೇಲೆ ಸಾಬರು ಕಣ್ಣು ಮುಚ್ಚಿ ಒಂದೊಂದೇ ಮಣಿ ಜರುಗಿಸತೊಡಗಿದರು.

“ಯಾವ ಜಪ ಸಾಬರೇ?”

“ಜಪ ಅಲ್ಲ ಸ್ವಾಮಿ. ಬೆರಳಿಗೆ ಯಾವ್ದಾದ್ರೂ ಒರಟಾಗಿ ತಗಲುತ್ತಾ ನೋಡ್ತಿದೀನಿ. ತಗಲಿದ್ರೆ ನಿಮ್ ತಾಯಿ ಮನಸ್ಸು ಮಣಿ ಮೇಲೇ ನಿಂತ್ಬಿಡುತ್ತೆ. ಕೈಯಲ್ಲಿ ಮಾಲೆ ಇದೆ ಅನ್ನೋದೇ ಮರೀಬೇಕು. ಯಾರ್ ಮಾಲೆ ಆದ್ರೂ ಅಷ್ಟೇ ಕಣ್ರೀ.”

ಒಂದು ಮಣಿ ತಗಲಿತು. ಅದನ್ನು ಉಜ್ಜಿ ನಯ ಮಾಡಿ, ಮತ್ತೆ ಮೊದಲಿಂದ ಶುರುಮಾಡಿದರು. ರೈಲು ಕೂಗಿದರೂ ಅವಸರ ಮಾಡಲಿಲ್ಲ.

ಕೊನೆಗೆ ಮಾಲೆ ಕೈಗೆ ಬಂದದ್ದೇ ಓಡಿ ರೈಲು ಹತ್ತಿದೆ. ಕಿಟಕಿ ಪಕ್ಕ ಕೂತು ಕಣ್ಣು ಮುಚ್ಚಿ, ಉಜ್ಜಿದ ಆ ಮಣಿ ಯಾವುದೆಂದು ಬೆರಳಲ್ಲೇ ಹುಡುಕಿದೆ. ಒಂದು ಸುತ್ತು, ಎರಡು ಸುತ್ತು, ಆಮೇಲೆ ಎಣಿಸಲಿಲ್ಲ. ಮಣಿ ಸಿಗಲಿಲ್ಲ.

ಕಣ್ಣು ಬಿಟ್ಟಾಗ ದೊಡ್ಡಬಳ್ಳಾಪುರ ದಾಟಿ ಹೋಗಿತ್ತು.