ಅತ್ತೆಯ ಕೈಪಟ್ಟಿಯಲ್ಲಿ ಸಿಕ್ಕ ಸೀಸ

ಮಂಗಳವಾರ ಬೆಳಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಮಧುಗಿರಿಯ ಚಿನ್ನದಂಗಡಿ ಯಜಮಾನರು ಕನ್ನಡಕ ಹಣೆಗೇರಿಸಿ, ಯಂತ್ರದ ಪರದೆಗೆ ಮೂಗು ತಾಗಿಸಿ ಹೇಳಿದರು: "ಚಿನ್ನ ಸೊನ್ನೆ ಕಣಮ್ಮ. ಬೆಳ್ಳಿ ಚೂರೇ ಚೂರು ಐತೆ. ಬಿಸ್ಮತ್ ಅಂತ ಏನೋ ತೋರಿಸ್ತೈತೆ. ಸೀಸನೂ ಐತೆ. ಯಾರಮ್ಮ ನಿಂಗೆ ಇದನ್ನ ಮಾರಿದ್ದು? ಸರಿಯಾಗಿ ಟೋಪಿ ಹಾಕವ್ರೆ."

ಯಾರೂ ಮಾರಿರಲಿಲ್ಲ. ಅದನ್ನು ಮಾಡಿದವಳು ನಾನೇ. ಸೀಸ ಇರಲೇಬಾರದು ಎಂದು ಎರಡು ವರ್ಷ ಹೆಣಗಿ ಮಾಡಿದ್ದೆ.

ನಾನು ಅಲ್ಲಿಯ ಕಾಲೇಜೊಂದರ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತೇನೆ. ನಮ್ಮ ಕೆಲಸ ಕ್ವಾಂಟಮ್ ಡಾಟ್‌ಗಳದ್ದು. ಒಂದು ಕೂದಲಿನ ಅಗಲದಲ್ಲಿ ಸಾವಿರಾರು ಸಾಲಾಗಿ ಕೂರುವಷ್ಟು ಸಣ್ಣ ಹರಳುಗಳು ಅವು. ಅವನ್ನು ತೆಳ್ಳಗೆ ಬಳಿದರೆ ಕಣ್ಣಿಗೆ ಕಾಣದ ಬೆಳಕನ್ನೂ ಹಿಡಿಯುತ್ತವೆ. ಹಾಗೆ ಬಳಿದ ಸೆನ್ಸರನ್ನು ಬಟ್ಟೆಯ ಪಟ್ಟಿಗೆ ಹೊಲಿದು ಮಣಿಕಟ್ಟಿಗೆ ಕಟ್ಟಿದರೆ, ಚರ್ಮದೊಳಗೆ ಹೋಗಿ ಬಂದ ಬೆಳಕಿನಿಂದ ನಾಡಿ ಲೆಕ್ಕ ಹಾಕಿ ಫೋನಿನಲ್ಲಿ ಗೆರೆಯಾಗಿ ತೋರಿಸಬಹುದು. ಮೊದಲು ಇಂಥವನ್ನು ಸೀಸದಿಂದ ಮಾಡುತ್ತಿದ್ದರು. ಮೈಗೆ ಕಟ್ಟುವ ವಸ್ತುವಿನಲ್ಲಿ ವಿಷ ಬೇಡವೆಂದು ನಾವು ಬೆಳ್ಳಿ, ಬಿಸ್ಮತ್, ಗಂಧಕ ಹಿಡಿದುಕೊಂಡೆವು.

ಕಟ್ಟಿಕೊಂಡವರ ಬೆವರಿಗೆ ಹರಳು ಕರಗುತ್ತದೆಯೇ ಎಂದು ನೋಡಬೇಕಿತ್ತು. ಲೋಹ ಗುರುತಿಸುವ ಯಂತ್ರ ನಮ್ಮಲ್ಲಿಲ್ಲ. ಬೆಂಗಳೂರಿಗೆ ಕಳಿಸಿದರೆ ಸರದಿ ಬರುವಷ್ಟರಲ್ಲಿ ನನ್ನ ತಲೆ ನರೆಯುತ್ತದೆ. ಒಡವೆಯ ಶುದ್ಧತೆಯನ್ನು ಎಕ್ಸ್-ರೇ ಬಿಟ್ಟು ನೋಡುವ ಯಂತ್ರ ಚಿನ್ನದಂಗಡಿಯಲ್ಲಿತ್ತು. ಹೀಗಾಗಿ ಮದುವೆ ಒಡವೆಗೆ ಬಂದವರ ನಡುವೆ ಒಂದು ಪಟ್ಟಿ ಹಿಡಿದು ನಾನೂ ಸಾಲು ನಿಂತಿದ್ದೆ.

ಈಗ ಸೀಸ. ನನ್ನ ಕಣ್ಣ ಮುಂದೆ ಬಂದದ್ದು ಲ್ಯಾಬಿನ ಕಪಾಟು. ಹೋಲಿಕೆಗೆಂದು ಮಾಡಿದ ಸೀಸದ ಹರಳುಗಳ ಬಾಟಲಿಯೂ ನಮ್ಮ ಹೊಸ ಬಾಟಲಿಯೂ ಅಲ್ಲಿ ಅಕ್ಕಪಕ್ಕ. ಎರಡೂ ಕಂದು ಗಾಜು, ಒಳಗಿನದು ಎರಡೂ ಡಿಕಾಕ್ಷನ್ ಬಣ್ಣ. ಆವತ್ತು ಅವಸರದಲ್ಲಿ ಕೈ ಹಾಕಿದ್ದು ಯಾವುದಕ್ಕೆ? ಆ ಗಳಿಗೆಯನ್ನು ಎಷ್ಟು ಸಲ ತಿರುವಿ ನೋಡಿದರೂ ನನ್ನ ಕೈ ಒಮ್ಮೆ ಎಡಕ್ಕೆ ಹೋಗುತ್ತಿತ್ತು, ಒಮ್ಮೆ ಬಲಕ್ಕೆ.

ಇದಕ್ಕಿಂತ ಕೆಟ್ಟ ಸಂಗತಿ ಬೇರೆ ಇತ್ತು. ಆ ಪಟ್ಟಿಯನ್ನು ನಾಲ್ಕು ದಿನ ಕಟ್ಟಿಕೊಂಡಿದ್ದವರು ನನ್ನ ಅತ್ತೆ. ಅದೇ ಬಾಟಲಿಯಿಂದ ಮಾಡಿದ ಎರಡನೆಯ ಪಟ್ಟಿ ಆ ಹೊತ್ತಿನಲ್ಲೂ ಅವರ ಕೈಯಲ್ಲಿತ್ತು.

ನನ್ನ ಗೈಡ್ ಹೇಳಿದ್ದು ನೀವೇ ಕಟ್ಟಿಕೊಳ್ಳಿ ಎಂದು. ದಿನವಿಡೀ ಆಸಿಡ್ಡು ನೀರಿನಲ್ಲಿ ಅದ್ದುವ ನನ್ನ ಕೈಯಲ್ಲಿ ಬೆವರಿನ ಪರೀಕ್ಷೆ ನಡೆಯುವಂತಿರಲಿಲ್ಲ. ಅತ್ತೆಯೇ ಕೈ ಚಾಚಿದ್ದರು: "ನಂಗೆ ಕಟ್ಟು. ವಾಚು ಕಟ್ಟಬೇಕು ಅಂತ ಮದುವೆ ಆದಾಗ್ಲಿಂದ ಆಸೆ. ನಿಮ್ಮ ಮಾವ ಕೊಡಿಸ್ನಿಲ್ಲ."

ಫೋನ್ ಮಾಡಿದೆ. ಎತ್ತಲಿಲ್ಲ. ಕೊರಟಗೆರೆಯ ಬಸ್ಸು ಹತ್ತಿ, ಅಲ್ಲಿಂದ ಕೊಳಾಲದ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಸೊಸೆ ಅತ್ತೆಗೆ ವಿಷವಿಟ್ಟ ಸುದ್ದಿಯನ್ನು ಟಿವಿಯವರು ಯಾವ ಹಿನ್ನೆಲೆ ಸಂಗೀತದೊಂದಿಗೆ ಹೇಳಬಹುದೆಂದು ಯೋಚಿಸುತ್ತಿದ್ದೆ. ಅದರಲ್ಲಿ ನಾನು ಎಂಎಸ್ಸಿ ಓದಿದವಳೆಂಬುದನ್ನು ಎರಡೆರಡು ಸಲ ಹೇಳುತ್ತಾರೆ.

ಅತ್ತೆ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದರು. ಓಡಿಹೋಗಿ ಕೈ ಹಿಡಿದು ಪಟ್ಟಿ ಕಿತ್ತೆ.

"ಏಮ್ಮಾ, ಏಮಾಯಿಂದಿ?" ಎಂದರು, ಏನಾಯಿತೆಂದು. ಅವರ ತವರು ವೈ.ಎನ್.ಹೊಸಕೋಟೆ ಕಡೆ. ಗಾಬರಿಯಾದರೆ ತೆಲುಗು ಮೊದಲು ಬರುತ್ತದೆ.

"ಇದ್ರಲ್ಲಿ ಸೀಸ ಇದೆ ಅತ್ತೆ. ವಿಷ."

ಅವರು ಒಂದು ಕಾಯಿ ಸುಲಿದು ಬಾಯಿಗೆ ಹಾಕಿಕೊಂಡು ನನ್ನನ್ನೇ ನೋಡಿದರು. "ನನ್ನ ಸಾಯ್ಸಕ್ಕೆ ಇಷ್ಟೊಂದು ಓದಬೇಕಾಗಿತ್ತಾ? ನಮ್ಮ ಕಡೆ ಏನೂ ಓದ್ದೇ ಇರೋರೇ ಮಾಡ್ತಾರೆ ಬುಡು."

ನಾನು ಅತ್ತುಬಿಟ್ಟೆ. ಆಮೇಲೆ ಅವರೇ ನನ್ನ ಕೈಗೆ ನೀರಿನ ಚೊಂಬು ಕೊಟ್ಟರು. ಕುಡಿದ ಮೇಲೆ ಕಂಡಿತು, ನನ್ನ ಬೆರಳೆಲ್ಲ ಕೆಂಪು. ಪಟ್ಟಿಯ ಹೊಲಿಗೆಯ ಸಂದಿಯಲ್ಲೂ ಕೆಂಪು.

"ಇದೇನು?"

"ಕುಂಕುಮ. ಹೊಸಾದು ಮನೆಗೆ ಬಂದ್ರೆ ಪೂಜೆ ಮಾಡದೆ ತೊಡ್ತಾರಾ? ಮೊದಲ್ನೇದಕ್ಕೂ ಇಕ್ಕಿದ್ದೆ. ಆಮೇಲೆ ನೀನು ಬೈತೀಯಾ ಅಂತ ಸೆರಗಲ್ಲಿ ಒರೆಸಿಟ್ಟೆ."

ನಮ್ಮ ಮನೆಯಲ್ಲಿ ಮಿಕ್ಸಿಗೆ, ಗ್ಯಾಸ್ ಸಿಲಿಂಡರಿಗೆ, ನನ್ನ ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟಾಗಿದೆ. ಹಾಗಿರುವಾಗ ಸೆನ್ಸರಿಗೆ ಇಡುವುದಿಲ್ಲ ಎಂದು ನಾನು ಅಂದುಕೊಂಡದ್ದೇ ನನ್ನ ಮೊದಲ ತಪ್ಪು.

ಮರುದಿನ ಮತ್ತೆ ಚಿನ್ನದಂಗಡಿ. ಅದೇ ಬಾಟಲಿಯಿಂದ ಮಾಡಿ ಯಾರ ಮೈಗೂ ತಾಗದೆ ಉಳಿದಿದ್ದ ಮೂರನೆಯ ಪಟ್ಟಿಯನ್ನೂ, ಕಾಗದದ ಪೊಟ್ಟಣದಲ್ಲಿ ಕುಂಕುಮವನ್ನೂ ಒಯ್ದಿದ್ದೆ.

"ಇವತ್ತು ಕುಂಕುಮಕ್ಕೆ ಕ್ಯಾರೆಟ್ಟು ನೋಡಬೇಕಾ? ನಾಳೆ ರಾಗಿ ಹಿಟ್ಟು ತಂದ್ಬುಡು," ಎಂದು ಯಜಮಾನರು ನಗುತ್ತಲೇ ಪಟ್ಟಿಯನ್ನು ಒಳಗಿಟ್ಟರು. ಬೆಳ್ಳಿ, ಬಿಸ್ಮತ್. ಸೀಸ ಸೊನ್ನೆ. ಅಂದರೆ ಆವತ್ತು ನನ್ನ ಕೈ ಸರಿಯಾದ ಬಾಟಲಿಗೇ ಹೋಗಿತ್ತು. ನಾನು ಗಾಜಿನ ಕೌಂಟರಿಗೆ ಒರಗಿಕೊಂಡೆ.

ಆಮೇಲೆ ಕುಂಕುಮ ಇಟ್ಟರು. ಅವರ ನಗು ನಿಂತಿತು. "ಇದ್ರಲ್ಲಿ ಬರೀ ಸೀಸನೇ ಕಣಮ್ಮ. ನಮ್ಮೋಳು ಇಟ್ಕೊಳ್ಳೋದು ಯಾವುದೋ ಏನೋ, ನಾಳೆ ಅದನ್ನೂ ತರ್ತೀನಿ."

ಸಿರಾ ರಸ್ತೆಯಲ್ಲಿ ತಳ್ಳುಗಾಡಿಯವನೊಬ್ಬ ತೂಕಕ್ಕೆ ಹಾಕಿ ಕೊಡುವ ಕುಂಕುಮ ಅದು. ಬಣ್ಣ ಎದ್ದು ಕಾಣುತ್ತದೆಂದು ಅತ್ತೆ ಅದನ್ನೇ ತರಿಸುತ್ತಿದ್ದರು. ನಾಲ್ಕು ದಿನದ ಭಯ ಹೋಗಿ ವರ್ಷಗಳ ಭಯ ಬಂದು ಕೂತಿತು. ದಿನಾ ಅದೇ ಬೆರಳಿನಿಂದ ಹಣೆಗೆ ಇಟ್ಟು, ಅದೇ ಬೆರಳಿನಿಂದ ಮುದ್ದೆ ಮುರಿದಿದ್ದಾರೆ. ನನ್ನ ಸೆನ್ಸರು ನಿರ್ದೋಷಿಯಾದ ಸಂತೋಷವನ್ನು ಯಾರಿಗೆ ಹೇಳಲಿ?

ತುಮಕೂರಿಗೆ ಕರೆದುಕೊಂಡು ಹೋಗಿ ರಕ್ತ ಕೊಡಿಸಿದೆ. ವರದಿಗೆ ಐದು ದಿನ. ಆ ಐದೂ ದಿನ ನನಗೆ ಅರ್ಧ ನಿದ್ದೆಯಲ್ಲಿ ಆ ಕಪಾಟು, ಆ ಎರಡು ಬಾಟಲಿ. ಎದ್ದು ಹೋಗಿ ಅತ್ತೆಯ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆ. ಮೂರನೆಯ ಸಲ ಅವರು ಕಣ್ಣು ಬಿಡದೆಯೇ ಅಂದರು: "ಇನ್ನೂ ಹೋಗಿಲ್ಲ ಕಣೇ. ಬೆಳಗ್ಗೆ ನೋಡು."

ವರದಿ ಬಂತು. ಸೀಸ ಸ್ವಲ್ಪ ಇದೆ, ಹೆದರುವಷ್ಟಿಲ್ಲ, ಕುಂಕುಮ ಬದಲಿಸಿ, ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ನೋಡೋಣ ಎಂದರು ಡಾಕ್ಟರು. ಅತ್ತೆ ಮನೆಗೆ ಬಂದವರೇ ಅರಿಸಿನಕ್ಕೆ ಸುಣ್ಣ ಕಲಸಿ, ತಮ್ಮ ಅಜ್ಜಿ ಮಾಡುತ್ತಿದ್ದಂತೆ ಕುಂಕುಮ ಮಾಡಲು ಕೂತರು. ನಾನು ಒಂಬತ್ತಕ್ಕೆ ಮಲಗಿದೆ.

ಎಚ್ಚರವಾದಾಗ ಬಿಸಿಲು ಕಾಲ ಮೇಲಿತ್ತು. ನನ್ನ ಮಣಿಕಟ್ಟಿನಲ್ಲಿ ಮೂರನೆಯ ಪಟ್ಟಿ, ಅದರ ಮೇಲೆ ಮನೆಯ ಕುಂಕುಮದ ಬೊಟ್ಟು. ಅತ್ತೆ ಕಾಫಿ ಹಿಡಿದು ನಿಂತಿದ್ದರು.

"ಮಲಗಿದೋಳು ಮಿಸುಕಾಡ್ನಿಲ್ಲ. ಇದೀಯೋ ಇಲ್ವೋ ಅಂತ ನಾನೇ ಕಟ್ದೆ."

ಫೋನ್ ತೆಗೆದು ನೋಡಿದೆ. ನನ್ನ ನಾಡಿಯ ಗೆರೆ ರಾತ್ರಿ ಹತ್ತರಿಂದ ಬೆಳಗ್ಗೆ ಏಳೂವರೆಯವರೆಗೆ ಒಂದೇ ಸಮನೆ ಹರಿದಿತ್ತು, ಎಲ್ಲೂ ಏರಿರಲಿಲ್ಲ.