ಮಿಲ್ಟ್ರಿ ತಮ್ಮಯ್ಯನ ಸಿಂಬೆ ಪಾಠ

ನಾಲೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಕೆ.ಆರ್.ಎಸ್. ಕಡೆಯ ಮೊದಲ ಬಸ್ಸು ಪಾಲಹಳ್ಳಿ ದಾಟಿದ್ದು ಸದ್ದಿನಿಂದ ಮಾತ್ರ ಗೊತ್ತಾಗುತ್ತದೆ. ಕಬ್ಬು ಕಡಿದು ಬರಿದಾದ ಗದ್ದೆಯೊಂದರಲ್ಲಿ ಏಳೆಂಟು ಹುಡುಗಿಯರು ಸಾಲಾಗಿ ನಿಂತಿದ್ದಾರೆ. ಎಲ್ಲರ ತಲೆಯ ಮೇಲೂ ಒಂದೊಂದು ಸಿಂಬೆ. ಅದರ ಮೇಲೆ ಕೊಡವೂ ಇಲ್ಲ, ಮಂಕರಿಯೂ ಇಲ್ಲ. ಹಳೆಯ ಸೀರೆ ಸುತ್ತಿ ಮಾಡಿದ ಬರೀ ಸಿಂಬೆ. ಕೈಯಲ್ಲಿ ಸೈಕಲ್ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿದ ರಬ್ಬರ್ ಪಟ್ಟಿ. ಎಡಗೈ ಮುಂದಕ್ಕೆ ಚಾಚಿ, ಬಲಗೈಯಿಂದ ಪಟ್ಟಿಯನ್ನು ಗದ್ದದ ಕೆಳಗಿನವರೆಗೆ ಎಳೆದು, ಅಲುಗದೆ ನಿಲ್ಲುತ್ತಾರೆ. ಸಿಂಬೆ ಬಿದ್ದರೆ ಮತ್ತೆ ಮೊದಲಿನಿಂದ.

ಅವರ ಬೆನ್ನ ಹಿಂದೆ, ಮಂಕಿ ಕ್ಯಾಪ್ ಹಾಕಿಕೊಂಡು, ಬಲಗೈಯನ್ನು ಹೊಟ್ಟೆಗೆ ಒತ್ತಿಕೊಂಡು ಓಡಾಡುತ್ತಿರುವವರು ತಮ್ಮಯ್ಯ. ಊರವರ ಬಾಯಲ್ಲಿ ಮಿಲ್ಟ್ರಿ ತಮ್ಮಯ್ಯ. ಐವತ್ತು ದಾಟಿದೆ. ಹೊತ್ತೇರಿದ ಮೇಲೆ ಬಸ್ ಸ್ಟ್ಯಾಂಡ್ ಪಕ್ಕದ ತಮ್ಮ ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕುತ್ತಾರೆ. ಅದಕ್ಕೂ ಮೊದಲು, ಹುಡುಗಿಯರು ಹಾಲು ಕರೆದು ಡೇರಿಗೆ ಹಾಕಿ ಬಂದ ಮೇಲೆ, ಶಾಲೆ ಕಾಲೇಜಿನ ಹೊತ್ತಾಗುವವರೆಗೆ, ಬಿಲ್ವಿದ್ಯೆ ಕಲಿಸುತ್ತಾರೆ.

"ಭುಜ ಎದ್ದದೆ ಕಣವ್ವ, ಇಳಿಸು" ಎನ್ನುತ್ತಾರೆ ಒಬ್ಬಳಿಗೆ. "ಹೊಟ್ಟೆ ಮುಂದಕ್ ಬುಡಬ್ಯಾಡ. ನೀರ್ ತುಂಬಿದ್ ಕೊಡ ಒತ್ಕೊಂಡ್ ಎಂಗ್ ನಿಂತ್ಕೊತೀಯೆ, ಅಂಗೇ ನಿಂತ್ಕೊ."

ಸಿಂಬೆಯ ಗುಟ್ಟು ಇಷ್ಟೇ. ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆ ನೆಟ್ಟಗೆ ನಿಲ್ಲುವುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ತಲೆಯ ಮೇಲೆ ಹೊರೆಯಿದ್ದಾಗ ಅವರ ಕತ್ತು ವಾಲುವುದಿಲ್ಲ, ಭುಜ ಏಳುವುದಿಲ್ಲ, ಎರಡೂ ಕಾಲಿನ ಮೇಲೆ ಭಾರ ಸಮನಾಗಿ ಬೀಳುತ್ತದೆ. ಬಿಲ್ಲು ಹಿಡಿದ ಕೂಡಲೇ ಇದೆಲ್ಲ ಮರೆತುಹೋಗುತ್ತದೆ. ಗುರಿ ನೋಡುವ ಆಸೆಗೆ ತಲೆ ಮುಂದಕ್ಕೆ ಚಾಚುತ್ತದೆ, ಎಳೆಯುವ ಹಟಕ್ಕೆ ಭುಜ ಕಿವಿಗೆ ಏರುತ್ತದೆ. ಅದಕ್ಕೇ ಸಿಂಬೆ. ಮೊದಲ ಕೆಲವು ತಿಂಗಳು ಯಾರ ಕೈಗೂ ಬಿಲ್ಲು ಸಿಗುವುದಿಲ್ಲ, ರಬ್ಬರ್ ಪಟ್ಟಿಯೇ ಗತಿ. ಎಳೆಯುವುದು ತೋಳಿನಿಂದಲ್ಲ, ಬೆನ್ನಿನಿಂದ ಎಂಬುದು ಎರಡನೆಯ ಪಾಠ. ಒಬ್ಬಳು ಎಳೆಯುವಾಗ ಇನ್ನೊಬ್ಬಳು ಅವಳ ಬೆನ್ನಿನ ಎರಡು ರೆಕ್ಕೆ ಮೂಳೆಗಳ ನಡುವೆ ಮುಷ್ಟಿ ಇಟ್ಟುಕೊಂಡಿರುತ್ತಾಳೆ. ಮೂಳೆಗಳು ಹತ್ತಿರ ಸರಿದು ಮುಷ್ಟಿಯನ್ನು ಅಮುಕಿದರೆ "ಬಂತು" ಎನ್ನುತ್ತಾಳೆ. ಹೆಣ್ಣುಮಕ್ಕಳನ್ನು ತಾವು ಮುಟ್ಟಿ ತಿದ್ದುವುದು ಸರಿಯಲ್ಲ ಎಂದು ತಮ್ಮಯ್ಯ ಮಾಡಿಕೊಂಡ ಏರ್ಪಾಡು ಇದು.

ಇಷ್ಟು ಬರೆಯುವವರೆಗೆ ನನ್ನ ಪೆನ್ನು ಸಮಾಧಾನವಾಗಿತ್ತು. ಮುಂದಿನದನ್ನು ಸಮಾಧಾನದಿಂದ ಬರೆಯಲು ನನ್ನಿಂದಾಗುವುದಿಲ್ಲ, ಓದುಗರು ಮನ್ನಿಸಬೇಕು.

ಮೊದಲು ಆ ಬಲಗೈಯ ವಿಷಯ ಹೇಳಿಬಿಡುತ್ತೇನೆ. ಹದಿನೆಂಟರ ಪ್ರಾಯದಲ್ಲಿ ಸೈನ್ಯ ಸೇರಿದ ತಮ್ಮಯ್ಯ ಅಲ್ಲಿ ಬಿಲ್ಲು ಹಿಡಿದರು, ದಳದ ತಂಡದಲ್ಲಿ ಆಡಿದರು. ತಿದ್ದುವವರು ಯಾರೂ ಇರಲಿಲ್ಲ. ತಮ್ಮ ಅಳವಿಗೆ ಮೀರಿದ ಬಿಗಿ ಬಿಲ್ಲನ್ನು ತೋಳಿನ ಬಲದಿಂದಲೇ ಎಳೆದು ಎಳೆದು ಒಂದು ದಿನ ಭುಜದೊಳಗೆ ಏನೋ ಹರಿಯಿತು. ಅಂದಿನಿಂದ ಆ ಕೈ ಕಿವಿಯಿಂದ ಮೇಲೆ ಹೋಗುವುದಿಲ್ಲ. ತಲೆ ಬಾಚುವುದು ಎಡಗೈಯಲ್ಲಿ, ಸೈಕಲ್ಲಿಗೆ ಗಾಳಿ ಹೊಡೆಯುವುದೂ ಎಡಗೈಯಲ್ಲಿ. ಬಾಣ ಬಿಡುವ ಸುಖ ಅವರ ಪಾಲಿಗೆ ಮುಗಿದುಹೋಯಿತು. ನಿವೃತ್ತಿಯ ದಿನ ದಳದ ಅಧಿಕಾರಿಯೊಬ್ಬರು ತಮ್ಮ ಸ್ವಂತ ಬಿಲ್ಲನ್ನೇ ಅವರ ಕೈಗಿಟ್ಟು, ನಿನ್ನಿಂದ ಆಗದಿದ್ದರೇನು, ನಿಮ್ಮೂರಿನ ಮಕ್ಕಳಿಗೆ ಕಲಿಸು ಅಂದರಂತೆ. ತೆಳುವಾದ ಮರದ ಪದರಗಳನ್ನು ಅಂಟಿಸಿ ಮಾಡಿದ, ತುದಿಗಳು ಹೊರಕ್ಕೆ ಬಾಗಿದ ಪಂದ್ಯದ ಬಿಲ್ಲು. ಉಳಿದ ಮಕ್ಕಳಿಗೆ ತಮ್ಮಯ್ಯ ಬಿದಿರು ಸೀಳಿ ಬಿಲ್ಲು ಮಾಡಿಕೊಡುತ್ತಾರೆ, ಗೋಣಿಚೀಲಕ್ಕೆ ಭತ್ತದ ಹುಲ್ಲು ತುಂಬಿ ಗುರಿ ಕಟ್ಟುತ್ತಾರೆ. ಆದರೆ ರಾಜ್ಯದ ಆಯ್ಕೆಗೆ ಹೋಗುವ ಮಗುವಿಗೆ ಆ ಒಂದು ಬಿಲ್ಲೇ ಬೇಕು. ಅಲ್ಲಿ ಬಿದಿರು ನಡೆಯುವುದಿಲ್ಲ.

ಈ ವರ್ಷ ಆ ಬಿಲ್ಲು ಪವಿತ್ರಳದಾಗಿತ್ತು. ಮೊದಲ ಪಿಯುಸಿ ಓದುವ ಹುಡುಗಿ. ತಾಯಿ ಸೋಮಮ್ಮ ಎರಡು ಹಸು ಕಟ್ಟಿಕೊಂಡು ಸಂಸಾರ ತೂಗಿಸುವ ಹೆಂಗಸು. ಗದ್ದೆಯ ಸಾಲಿನಲ್ಲಿ ಕಾಣುವ ಸಿಂಬೆಗಳೆಲ್ಲ ಆಕೆ ಸುತ್ತಿಕೊಟ್ಟವು. ಹದಿನೇಳರೊಳಗಿನವರ ರಾಜ್ಯ ತಂಡಕ್ಕೆ ಸೇರಲು ಪವಿತ್ರಳಿಗೆ ಇದ್ದದ್ದು ಈ ಒಂದೇ ವರ್ಷ. ಮುಂದಿನ ಸಲ ವಯಸ್ಸು ದಾಟುತ್ತದೆ. ನಾಲ್ಕು ವರ್ಷ ಸಿಂಬೆ ಹೊತ್ತು, ಟ್ಯೂಬು ಎಳೆದು, ಬಿದಿರು ಬಾಗಿಸಿ, ಕೊನೆಗೆ ಆ ಬಿಲ್ಲಿಗೆ ಬೆನ್ನು ಪಳಗಿತ್ತು. ಮೈಸೂರಿನ ಆಯ್ಕೆಗೆ ಇನ್ನೊಂದು ವಾರವಿತ್ತು.

ಅಷ್ಟರಲ್ಲಿ ಪಾಂಡವಪುರದಿಂದ ಕರೆ ಬಂತು. ಅಲ್ಲೊಂದು ಗ್ರಾಮೀಣ ಕ್ರೀಡಾಕೂಟ. ಪ್ರತಿ ಸಲ ದೀಪ ಹಚ್ಚಿ ಹಚ್ಚಿ ಸ್ವಾಗತ ಸಮಿತಿಯವರಿಗೆ ಬೇಸರ ಬಂದಿತ್ತೋ ಏನೋ, ಈ ಬಾರಿ ಮುಖ್ಯ ಅತಿಥಿಗಳು ಬಿಲ್ಲು ಎಳೆದು ಉದ್ಘಾಟಿಸಲಿ ಎಂದು ತೀರ್ಮಾನಿಸಿದ್ದರು. ತಮ್ಮಯ್ಯನಿಗೆ ಹೇಳಿಕಳಿಸಿದ್ದು ಮಾತ್ರ ಬೇರೆ: ನಿಮ್ಮ ಹುಡುಗಿ ಮೊದಲ ಬಾಣ ಬಿಡಲಿ, ಜನ ನೋಡಲಿ. ಊರಿನ ಮಗುವಿಗೆ ನಾಲ್ಕು ಜನರ ಮುಂದೆ ಹೆಸರು ಬಂದೀತು ಎಂದು ಗುರು ಶಿಷ್ಯೆ ಇಬ್ಬರೂ ಬಿಲ್ಲನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಎರಡು ಬಸ್ಸು ಬದಲಿಸಿ ಹೋದರು.

ಬೆಳಿಗ್ಗೆ ಹತ್ತಕ್ಕೆ ಬರಬೇಕಾದ ಅತಿಥಿಗಳು ಬಂದದ್ದು ಮಧ್ಯಾಹ್ನ ಇಳಿದ ಮೇಲೆ. ಅಲ್ಲಿಯವರೆಗೆ ಬಿಲ್ಲು ವೇದಿಕೆಯ ಮೇಜಿನ ಮೇಲೆ ಅರಿಶಿನ ಕುಂಕುಮ ಮೆತ್ತಿಸಿಕೊಂಡು, ಚೆಂಡು ಹೂವಿನ ಹಾರ ಹಾಕಿಸಿಕೊಂಡು, ಬಿಸಿಲಲ್ಲಿ ಬಿದ್ದಿತ್ತು. ಪವಿತ್ರ ಆರತಿ ತಟ್ಟೆ ಹಿಡಿದು ಅದರ ಪಕ್ಕ ನಿಂತಿದ್ದಳು. ಬಾಣ ಬಿಡಲು ಹುಡುಗಿ ಬೇಕು ಎಂದು ಕರೆಸಿ ಆರತಿ ತಟ್ಟೆ ಹಿಡಿಸುವ ಬುದ್ಧಿ ನಮ್ಮವರಿಗಲ್ಲದೆ ಇನ್ಯಾರಿಗೆ ಬರಬೇಕು!

ಅತಿಥಿಗಳು ಬಿಲ್ಲನ್ನು ಎತ್ತಿಕೊಂಡರು. ಬಾಣ ಕೊಡಲಿಲ್ಲ. ಯಾರಿಗಾದರೂ ತಗುಲಿದರೆ ಕಷ್ಟ ಎಂದು ಸಮಿತಿಯವರು ಬಾಣಗಳನ್ನು ಮೊದಲೇ ತೆಗೆದಿರಿಸಿದ್ದರು. ಫೋಟೋದವರು ಇನ್ನೂ ಎಳೆಯಿರಿ ಸಾರ್, ಇನ್ನೂ ಎಳೆಯಿರಿ ಎಂದು ಹುರಿದುಂಬಿಸಿದರು. ಬೆನ್ನು ಗೂನು ಮಾಡಿ, ಹೊಟ್ಟೆ ಮುಂದೆ ಮಾಡಿ, ಮೊಣಕೈ ಆಕಾಶಕ್ಕೆ ಎತ್ತಿ ಅವರು ಎಳೆದೇ ಎಳೆದರು.

ಬಿಲ್ಲು ಹಿಡಿದವರಿಗೆಲ್ಲ ಗೊತ್ತಿರುವ ಒಂದು ನಿಯಮವಿದೆ. ಬಾಣವಿಲ್ಲದೆ ಹೆದೆಯನ್ನು ಬಿಡಬಾರದು. ಎಳೆದ ಬಲವನ್ನು ಹೊತ್ತೊಯ್ಯಲು ಬಾಣ ಇಲ್ಲದಿದ್ದರೆ ಅಷ್ಟೂ ಬಲ ತಿರುಗಿ ಬಿಲ್ಲಿನ ಮೈಮೇಲೇ ಬೀಳುತ್ತದೆ. ಖಾಲಿ ಎಳೆದರೆ ಮೆಲ್ಲಗೆ, ಎಳೆದ ದಾರಿಯಲ್ಲೇ, ವಾಪಸು ಇಳಿಸಬೇಕು. ಪಾಲಹಳ್ಳಿಯ ಗದ್ದೆಯಲ್ಲಿ ಮೂರನೆಯ ಪಾಠ ಇದು.

ವೇದಿಕೆಯ ಕೆಳಗಿದ್ದ ತಮ್ಮಯ್ಯ ಕೂಗಿಕೊಂಡು ಮುಂದೆ ಬಂದರು. ಬ್ಯಾಡ್ಜು ಹಾಕಿಕೊಂಡ ಕಾರ್ಯಕರ್ತನೊಬ್ಬ ಎದೆಗೆ ಕೈಕೊಟ್ಟು, ಆ ನೋಯುವ ಭುಜವನ್ನೇ ಹಿಡಿದು, ಹಿಂದಕ್ಕೆ ತಳ್ಳಿದ. ಮೇಲಿದ್ದ ಪವಿತ್ರ ತಟ್ಟೆಯನ್ನು ಬಿಟ್ಟು ಎರಡೂ ಕೈ ಚಾಚಿದಳು.

"ಬುಡಬ್ಯಾಡಿ ಸಾ, ಇಳಿಸಿ" ಅಂದಳಂತೆ.

ಬಿಟ್ಟರು. ಚಟ್ಟೆಂದಿತು. ಬಿಲ್ಲಿನ ಮೇಲಿನ ತೋಳು ಪದರ ಪದರವಾಗಿ ಸೀಳಿಕೊಂಡು ಹೋಯಿತು. ಜನ ಚಪ್ಪಾಳೆ ತಟ್ಟಿದರು. ಅದೂ ಕಾರ್ಯಕ್ರಮದ ಒಂದು ಭಾಗ ಅಂದುಕೊಂಡಿದ್ದರು, ಪಾಪ.

ಅತಿಥಿಗಳು ನಕ್ಕು, ಮುರಿದ ಬಿಲ್ಲನ್ನು ಪವಿತ್ರಳ ಕೈಗೆ ಕೊಟ್ಟು, ಶಾಲು ಹೊದಿಸಿಕೊಂಡು, ಗ್ರಾಮೀಣ ಪ್ರತಿಭೆಗಳನ್ನು ಬೆಳೆಸುವ ಬಗ್ಗೆ ಅರ್ಧ ಗಂಟೆ ಮಾತಾಡಿ ಕಾರು ಹತ್ತಿದರು. ಸ್ವಾಗತ ಸಮಿತಿಯವರೊಬ್ಬರನ್ನು ಹುಡುಕಿ ಹಿಡಿದು ಕೇಳಿದೆ. ಬಿಲ್ಲು ಮೊದಲೇ ಹಳೆಯದು, ಆ ಮಿಲ್ಟ್ರಿಯವನು ಸರಿಯಾದ್ದು ತರಬೇಕಿತ್ತು ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕುಣಿಯಲು ಬಾರದಿದ್ದರೆ ತಪ್ಪಿಲ್ಲ ಸ್ವಾಮಿ, ಎಲ್ಲರಿಗೂ ಎಲ್ಲವೂ ಬರಬೇಕಾಗಿಲ್ಲ. ಕಾಲ ಕೆಳಗೆ ಒಂದು ಹುಡುಗಿಯ ನಾಲ್ಕು ವರ್ಷ ಸಿಕ್ಕಿ ನುಗ್ಗಾದರೂ ನೆಲದ ಮೇಲೆ ತಪ್ಪು ಹೊರಿಸುವವರಿಗೆ ಏನು ಹೇಳುವುದು? ಮಾರನೆಯ ದಿನ ಪತ್ರಿಕೆಯೊಂದರಲ್ಲಿ ಆ ಗೂನುಬೆನ್ನಿನ ಚಿತ್ರ ಅಚ್ಚಾಯಿತು. ಬಿಲ್ವಿದ್ಯೆಗೆ ಉತ್ತೇಜನ ಎಂದು ಅಡಿಬರಹ. ತಮ್ಮಯ್ಯನ ಹೆಸರಿಲ್ಲ, ಪವಿತ್ರಳ ಹೆಸರಂತೂ ಇಲ್ಲವೇ ಇಲ್ಲ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆ, ಇನ್ನೇನು.

ಬಿಲ್ಲು ಒಡೆದ ರಾತ್ರಿ ಸೋಮಮ್ಮನ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲವಂತೆ. ಆಕೆ ನನ್ನೆದುರು ಸುತ್ತಿ ಬಳಸಿ ಮಾತಾಡಲಿಲ್ಲ. "ಸತ್ತ್ ಕರ ಎತ್ಕೊಂಡ್ ಬಂದಂಗ್ ಬಂದ್ಲು ಸಾ, ಕಂಬಳಿಲಿ ಸುತ್ಕೊಂಡು. ಅವ್ರ್ ಮನೆ ಮಗಿಂದಾಗಿದ್ರೆ ಅಂಗ್ ನಗ್ತಿದ್ರಾ?" ಎಂದರು.

ತಮ್ಮಯ್ಯ ಅಂಟು ಹಾಕಿ, ದಾರ ಬಿಗಿದು, ಎರಡು ದಿನ ಹೆಣಗಿದರು. ಒಮ್ಮೆ ಸೀಳಿದ ಪದರ ಮತ್ತೆ ಬಲ ಹೊರುವುದಿಲ್ಲ. ಆದರೂ ಇಬ್ಬರೂ ಮೈಸೂರಿಗೆ ಹೋದರು. ಅಲ್ಲಿ ಕೊಡಗಿನ ಕಡೆಯ ಹುಡುಗಿಯೊಬ್ಬಳು ಕತೆ ಕೇಳಿ ಮರುಗಿ, ತನ್ನ ಸರದಿ ಮುಗಿದ ಮೇಲೆ ತನ್ನ ಬಿಲ್ಲನ್ನೇ ಕೊಟ್ಟಳು. ಇಡೀ ಪ್ರಕರಣದಲ್ಲಿ ದೊಡ್ಡತನ ತೋರಿಸಿದವಳು ಆ ಒಬ್ಬ ಹುಡುಗಿ. ಆದರೆ ಅವಳ ಬಿಲ್ಲು ಪವಿತ್ರಳ ಅಳವಿಗೆ ತುಂಬ ಬಿಗಿ.

ಗೆರೆಯ ಮೇಲೆ ನಿಂತು ಪವಿತ್ರ ಬಾಣ ಹೂಡಿದಳು. ಎಳೆದಳು. ಅರ್ಧಕ್ಕೆ ಬರುವಷ್ಟರಲ್ಲಿ ಭುಜ ಏಳತೊಡಗಿತು. ಮೆಲ್ಲಗೆ ಇಳಿಸಿದಳು. ಉಸಿರು ತೆಗೆದುಕೊಂಡು ಮತ್ತೆ ಎಳೆದಳು, ಮತ್ತೆ ಇಳಿಸಿದಳು. ಹೇಗೋ ಬಿಟ್ಟುಬಿಡು, ಎಲ್ಲಾದರೂ ಬೀಳುತ್ತದೆ, ನಾಲ್ಕು ಅಂಕವಾದರೂ ಬರುತ್ತದೆ ಎಂದು ಪಕ್ಕದಲ್ಲಿದ್ದವರು ಹೇಳಿದರಂತೆ. ಮೂರನೆಯ ಸಲವೂ ಇಳಿಸಿದಳು. ಹೊತ್ತು ಮುಗಿಯಿತೆಂದು ಸೀಟಿ ಊದಿದರು. ಬಿಲ್ಲನ್ನು ಒಡತಿಗೆ ಒಪ್ಪಿಸಿ, ಗೆರೆಯಿಂದ ಹೊರಗೆ ಬಂದಳು. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಏನೂ ಇಲ್ಲ. ಹುಡುಗಿ ಹೆದರಿಕೊಂಡಳು ಎಂದು ನೋಡಿದವರು ಆಡಿಕೊಂಡರು.

ಯಾಕೆ ಬಿಡಲಿಲ್ಲ ಎಂದು ನಾನೂ ಕೇಳಿದೆ. ದುಪಟ್ಟಾದ ತುದಿ ಸುತ್ತುವ ವಯಸ್ಸಿನ ಹುಡುಗಿ, ಕಣ್ಣಿಗೆ ಕಣ್ಣು ಕೊಟ್ಟು ಹೇಳಿದಳು. "ಭುಜ ಎದ್ದಿತ್ತು ಸಾರ್. ಬುಟ್ಟಿದ್ರೆ ನಾಕ್ ಬಾಣಕ್ಕೇ ನಮ್ ದೊಡ್ಡಪ್ಪನ್ ಕೈ ಆದಂಗ್ ಆಗೋದು ನನ್ ಕೈ. ಅವ್ರ್ ಮುಂದೆ ಅಂಗ್ ಹೊಡ್ಯಕ್ಕಾಯ್ತದಾ?" ದೊಡ್ಡಪ್ಪ ಎಂದರೆ ತಮ್ಮಯ್ಯ. ರಕ್ತಸಂಬಂಧವಿಲ್ಲ, ಊರಿನ ವಾಡಿಕೆ.

ತಮ್ಮಯ್ಯನಿಗೆ ಅವಳ ಮೇಲೆ ಸಿಟ್ಟಿಲ್ಲ. ಪಂಕ್ಚರ್ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಲೇ ಮಾತಾಡುತ್ತಾರೆ. "ಎಳ್ದ್ ಮ್ಯಾಲೆ ಬುಡಾದು ಯಾರ್ ಬೇಕಾದ್ರೂ ಬುಡ್ತಾರೆ ಸಾ. ಕೇಳುದ್ರಲ್ಲ, ಪಾಂಡವಪುರದಲ್ಲಿ ಬುಟ್ರು. ಅಷ್ಟ್ ಜನದ್ ಮುಂದೆ, ಇನ್ನೊಂದ್ ಸಲ ಬರಾಕಿಲ್ಲ ಅಂತ ಗೊತ್ತಿದ್ದೂ, ನಮ್ ಮಗ್ಳು ಇಳಿಸಿದ್ಲು. ಮೂರ್ ಸಲಾನೂ ಇಳಿಸಿದ್ಲು."

ಪವಿತ್ರ ಈಗಲೂ ದಿನಾ ಗದ್ದೆಗೆ ಬರುತ್ತಾಳೆ. ಬಿದಿರಿನ ಬಿಲ್ಲು ಎಳೆಯುತ್ತಾಳೆ, ಚಿಕ್ಕವರ ಬೆನ್ನಿಗೆ ಮುಷ್ಟಿ ಕೊಡುತ್ತಾಳೆ. ಒಡೆದ ಬಿಲ್ಲಿನ ಬದಲಿಗೆ ಇನ್ನೊಂದು ಬರಲಿಲ್ಲ. ತಪ್ಪಾಯಿತು ಎಂಬ ಒಂದು ಮಾತೂ ಬರಲಿಲ್ಲ. ಅದೇನು ಬಾಯಿಂದ ಬೀಳಲಾರದಷ್ಟು ಭಾರದ ಮಾತೇ?

ಅತಿಥಿಗಳ ಹೆಸರನ್ನು ಇಲ್ಲಿ ದಪ್ಪಕ್ಷರದಲ್ಲಿ ಬರೆಯಬೇಕೆಂದೇ ನಾನು ಹೊರಟಿದ್ದೆ. ತಡೆದವರು ತಮ್ಮಯ್ಯ. ಹೆಸರು ಹಾಕಿದರೆ ಈ ದಾರಿಗೆ ಮತ್ತೆ ಅವರು ಬರುವುದಿಲ್ಲ ಎಂಬುದು ಅವರ ಚಿಂತೆ. ಬರಬೇಕಾದರೂ ಯಾಕೆ ಎಂದು ನಾನು ರೇಗಿದೆ. ನಿಮಗೆ ಏನಾಗಬೇಕು ಅವರಿಂದ, ಹೊಸ ಬಿಲ್ಲೇ?

ತಮ್ಮಯ್ಯ ಎದ್ದು ಅಂಗಡಿಯ ಗೋಡೆಯ ಮೊಳೆಯಿಂದ ಒಂದು ಸಿಂಬೆ ತೆಗೆದು ತೋರಿಸಿದರು. ಮಕ್ಕಳದಕ್ಕಿಂತ ಅಗಲವಾದದ್ದು, ಹೊಸದು.

"ಬಿಲ್ ಆಮ್ಯಾಕೆ ಸಾ. ಸೋಮವ್ವನ್ ಕೈಲಿ ಇದೊಂದ ದೊಡ್ಡದಾಗ್ ಮಾಡಿಸಿ ಮಡಗಿವ್ನಿ. ಒಂದಿನ ಬೆಳಗಾನೆ ಅವ್ರು ಇಲ್ಲಿಗ್ ಬರ್ಲಿ. ಮಕ್ಕಳ ಸಾಲ್ನಲ್ಲಿ ನಿಲ್ಲಿಸಿ, ಮೊದ್ಲು ನಿಂತ್ಕೊಳ್ಳಾದ್ ಕಲಿಸ್ತೀನಿ."