ಸೂಜಿ ಚೋಂದಮ್ಮ

ಚೋಂದಮ್ಮ ಮೊದಲು ಬೈಯುತ್ತಿದ್ದರು, ಆಮೇಲೆ ಚುಚ್ಚುತ್ತಿದ್ದರು. ಬೈಗುಳ ನೋಯುತ್ತಿದ್ದಷ್ಟು ಸೂಜಿ ನೋಯುತ್ತಿರಲಿಲ್ಲ. ಸೈನ್ಯದಲ್ಲಿ ನರ್ಸ್ ಆಗಿದ್ದವರು, ನಿವೃತ್ತರಾದ ಮೇಲೆ ಅಕ್ಯುಪಂಕ್ಚರ್ ಕಲಿತು ಅಮ್ಮತ್ತಿ ಪೇಟೆಯಲ್ಲಿ ಒಂದು ಕೋಣೆ ಹಿಡಿದಿದ್ದರು.

ಕಾಫಿ ಹೂ ಅರಳಿತೆಂದರೆ ನನಗೆ ಸೀನು, ಕಣ್ಣುರಿ. ಜೀವನವಿಡೀ ಡ್ರಿಲ್ ಮೇಷ್ಟ್ರಾಗಿ ಇನ್ನೊಬ್ಬರನ್ನು ಸಾಲಿನಲ್ಲಿ ನಿಲ್ಲಿಸಿದವನು ಅವರೆದುರು ತೆಪ್ಪಗೆ ನಿಲ್ಲುತ್ತಿದ್ದೆ. ಹೂ ಬರುವ ಮುಂಚೆಯೇ ಕ್ರಮ ಶುರುವಾಗಬೇಕು. ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಮೂಗು ತೊಳೆಯಬೇಕು, ಬಟ್ಟೆ ಮನೆಯೊಳಗೇ ಒಣಗಬೇಕು, ತೋಟಕ್ಕೆ ಹೋಗಿ ಬಂದರೆ ತಲೆಗೆ ಸ್ನಾನ. ಒಮ್ಮೆ ನನ್ನ ಕಾಲರಿನಲ್ಲಿ ಕಾಫಿ ಹೂವಿನ ಎಸಳು ಕಂಡು ಅಂಗಿಯನ್ನೇ ಬಿಚ್ಚಿಸಿ ರಸ್ತೆಗೆ ಎಸೆದರು.

“ಮೂಗು ತೊಳ್ದು ಹೂವು ಹೊತ್ಕೊಂಡು ಬರ್ತೀರಾ? ಎಂತ ಮೇಷ್ಟ್ರು ಮಾರಾಯ್ರೆ ನೀವು!”

ಬನಿಯನ್ನಿನಲ್ಲೇ ಬಸ್ಸು ಹತ್ತಿದೆ.

ಉಬ್ಬಸದವರಿಗೆ ಆಜ್ಞೆಯೇ ಬೇರೆ. ಇನ್ಹೇಲರನ್ನು ಅವರು ಪಂಪು ಎನ್ನುತ್ತಿದ್ದರು. “ಸೂಜಿ ಸೂಜಿಯ ಕೆಲ್ಸ ಮಾಡ್ತದೆ. ಪಂಪು ಬಿಟ್ಟು ನನ್ನ ಹತ್ರ ಬಂದ್ರೆ ಕಾಲು ಮುರೀತೀನಿ.”

ನನ್ನ ನೆರೆಯ ಸುಬ್ಬಯ್ಯನ ಕಿವಿಗೆ ಅದು ಬೀಳಲಿಲ್ಲ. ಅವನದು ಹೋಂಸ್ಟೇ, ಹೆಂಡತಿ ರಶ್ಮಿಗೆ ಉಬ್ಬಸ. ಸೂಜಿ ಹಾಕಿಸಿಕೊಂಡು ಅವಳು ಸ್ವಲ್ಪ ಹಗುರಾದದ್ದೇ ತಡ, ಅತಿಥಿಗಳೆದುರು ಇನ್ಹೇಲರ್ ಸೇದುವುದು ಅಸಹ್ಯವೆಂದು ಅವನು ಅದನ್ನು ಕೆರೆಗೆ ಎಸೆದ. ತೋಟವೆಲ್ಲ ಹೂವಿನಿಂದ ಬೆಳ್ಳಗಾಗಿದ್ದ ಬೆಳಿಗ್ಗೆ, ಅತಿಥಿಗಳಿಗೆ ತೋರಿಸಿಕೊಂಡು ಬಾ ಎಂದು ಅವಳನ್ನೇ ಕಳಿಸಿದ. ಗಿಡಗಳ ನಡುವೆ ಅವಳು ಉಸಿರು ಸಿಗದೆ ಕುಸಿದಳು.

ಅವರಿಬ್ಬರನ್ನೂ ಹತ್ತಿಸಿಕೊಂಡು ನಾನು ಸುಬ್ಬಯ್ಯನ ಜೀಪನ್ನು ವಿರಾಜಪೇಟೆಯ ಆಸ್ಪತ್ರೆಗೆ ಹೊಡೆದೆ. ಅಮ್ಮತ್ತಿ ಬಂದೊಡನೆ ಸುಬ್ಬಯ್ಯ ಸ್ಟೀರಿಂಗ್ ಎಳೆದು ಚೋಂದಮ್ಮನವರ ಬಾಗಿಲಲ್ಲಿ ನಿಲ್ಲಿಸಿದ.

“ಅಕ್ಕ, ಒಂದು ಸೂಜಿ ಹಾಕಿ. ಸರಿಹೋಗ್ತಾಳೆ.”

ರಶ್ಮಿಯ ತುಟಿ ನೀಲಿಯಾಗಿತ್ತು.

“ಪಂಪೆಲ್ಲಿ?”

“ಕೆರೇಲಿ...”

ಚೋಂದಮ್ಮನವರ ಏಟಿಗೆ ಅವನು ಚರಂಡಿಗೆ ಬಿದ್ದ, ಬಾಯಲ್ಲಿ ರಕ್ತ. ಅವರು ಒಳಗಿಂದ ಇನ್ಹೇಲರ್ ತಂದು ರಶ್ಮಿಯ ಬಾಯಿಗಿಟ್ಟು, ಜೀಪು ಹತ್ತಿದರು. ಎದ್ದು ಬಂದವನ ಎದೆಗೆ ಒದ್ದರು. “ನೀನು ಅಲ್ಲೇ ಬಿದ್ದಿರು! ಮೇಷ್ಟ್ರೇ, ಹೊಡೀರಿ ಗಾಡಿ!”

ರಶ್ಮಿ ಬದುಕಿದಳು. ಆದರೆ ಪೇಟೆಯೆಲ್ಲ ನೋಡಿತ್ತು.

ಮುಂದಿನ ವಾರ ನಾನು ಮುಖದ ತುಂಬ ಸೂಜಿ ಹಾಕಿಸಿಕೊಂಡು ಮಲಗಿದ್ದಾಗ ಸುಬ್ಬಯ್ಯ ಕಾಡು ಸವರುವ ಕತ್ತಿ ಹಿಡಿದು ನುಗ್ಗಿದ. “ಹೆಂಗಸಿನ ಕೈಲಿ ಏಟು ತಿಂದವ ಅಂತ ಕ್ಲಬ್ಬಲ್ಲಿ ನಗ್ತಾರೆ ನನ್ನನ್ನ!” ತಮ್ಮ ಕುತ್ತಿಗೆಗೆ ಬೀಸಿದ್ದನ್ನು ಚೋಂದಮ್ಮ ಬಲಗೈಯಲ್ಲಿ ತಡೆದರು. ರಕ್ತ ಗೋಡೆಗೆ ಚಿಮ್ಮಿತು. ನಾನು ಸೂಜಿಗಳ ಸಮೇತ ಎದ್ದು ಸ್ಟೂಲಿನಿಂದ ಅವನ ಮೊಣಕೈಗೆ ಬಾರಿಸಿದೆ; ಕತ್ತಿ ಬಿತ್ತು. ಪೊಲೀಸರು ಬರುವ ತನಕ ಅವನ ಬೆನ್ನ ಮೇಲೆ ಕೂತಿದ್ದೆ.

ಮರುವರ್ಷ ಹೂವಿನ ಕಾಲಕ್ಕೆ ಮತ್ತೆ ಹೋದೆ. ಅವರ ಬಲಗೈಯ ಬೆರಳು ಮಡಚುತ್ತಿರಲಿಲ್ಲ. ಎಡಗೈಯಲ್ಲಿ ಸೂಜಿ ಹಿಡಿದು ನನ್ನ ಮೂಗಿನ ಪಕ್ಕಕ್ಕೆ ತಂದರು. ತುದಿ ನಡುಗಿತು. ಇನ್ನೊಮ್ಮೆ ತಂದರು. ಆಮೇಲೆ ಡಬ್ಬಿಗೆ ಹಾಕಿಬಿಟ್ಟರು.

“ಆವತ್ತು ಹೊಡೀದೆ ಇದ್ದಿದ್ರೆ ಕೈ ಉಳೀತಿತ್ತು,” ಎಂದೆ.

“ರಶ್ಮಿ ಕುಟ್ಟದಲ್ಲಿ ಅಮ್ಮನ ಮನೇಲಿದ್ದಾಳೆ. ನಿನ್ನೆ ಫೋನಲ್ಲಿ ಎಷ್ಟು ಹೊತ್ತು ಹರಟಿದ್ಳು ಗೊತ್ತುಂಟಾ? ಮಧ್ಯೆ ಒಂದ್ಸಲ ಉಸಿರಿಗೆ ಅಂತ ನಿಲ್ಲಿಸ್ಲಿಲ್ಲ, ಪಿಶಾಚಿ.”

ಮತ್ತೆ ನನ್ನ ಕಡೆ ತಿರುಗಿ, “ಹೋಗಿ, ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ!” ಎಂದು ಗದರಿ, ಎಡಗೈಯಿಂದಲೇ ನನ್ನನ್ನು ಮೆಟ್ಟಿಲಿಗೆ ನೂಕಿ ಬಾಗಿಲು ಹಾಕಿಕೊಂಡರು. ಮಳೆಗಾಲದಲ್ಲಿ ನಾನು ಆ ದಾರಿಯಲ್ಲಿ ಹೋದಾಗ ಅವರ ಕೋಣೆಯಲ್ಲಿ ಯಾರೋ ಒಬ್ಬ ಮೊಬೈಲ್ ಮಾರುತ್ತಿದ್ದ.